ಹಳೆಯ ಬಂಡಿಗೆ ಹಳೆಯ ಎಂಜಿನ್ನು

ಪದ್ಮಿನಿ ಎಂದರೆ ತಾವರೆಯ ಬಳ್ಳಿ. ತಾವರೆ ತುಂಬಿದ ಕೊಳವೆಂಬ ಅರ್ಥವೂ ಉಂಟು. ಕವಿಗಳ ಪದ್ಮಿನಿ ಸೂರ್ಯೋದಯವಾಗುತ್ತಲೇ ಅರಳುವವಳು. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯವರು 1974ರಲ್ಲಿ ತಮ್ಮ ಕಾರಿಗೆ ಈ ಹೆಸರನ್ನಿಟ್ಟಾಗ ಕವಿಸಮಯವನ್ನು ನೆನೆದಿರಲಾರರು. ಏಕೆಂದರೆ ಈ ಪದ್ಮಿನಿಗೆ ಮಾಗಿಯ ಮುಂಜಾವು ಎಂದರೆ ಆಗದು. ಚೋಕು ಎಳೆದು, ನಾಲ್ಕಾರು ಬಾರಿ ಒಲಿಸಿಕೊಂಡ ಮೇಲೆಯೇ ಕಣ್ಣು ತೆರೆಯುವ ಸ್ವಭಾವ ಅದರದು.

ಕಾರು ಮೂಲತಃ ಇಟಲಿಯದು. ಅಲ್ಲಿನ ಫಿಯಟ್ 1100ರ ಮಾದರಿಯನ್ನೇ ಪ್ರೀಮಿಯರ್ ಕಂಪನಿಯು ಕುರ್ಲಾದ ತನ್ನ ಕಾರ್ಖಾನೆಯಲ್ಲಿ ನಿರ್ಮಿಸಿ, 1964ರಿಂದ ಡಿಲೈಟ್, ಅನಂತರ ಕೆಲಕಾಲ ಪ್ರೆಸಿಡೆಂಟ್, ಕಡೆಗೆ ಪದ್ಮಿನಿ ಎಂಬ ಹೆಸರುಗಳಿಂದ ಮಾರಿತು. ನಾಮಕರಣ ಎಷ್ಟು ಬಾರಿ ನಡೆದರೂ ಜನರ ಬಾಯಲ್ಲಿ ಅದು ಫಿಯಟ್ಟೇ ಆಗಿ ಉಳಿಯಿತು. 1089 ಸಿ.ಸಿ.ಯ ಎಂಜಿನ್ನು, ನಾಲ್ಕು ಸಿಲಿಂಡರು, ಬೋರು 68 ಮಿ.ಮೀ., ಸ್ಟ್ರೋಕು 75 ಮಿ.ಮೀ. ಬ್ಲಾಕು ಬೀಡುಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಶತಮಾನ ಮಗ್ಗುಲು ಬದಲಿಸುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಅಂದಿನಿಂದ ಒಂದು ಪದ್ಮಿನಿಗೆ ಎಂಜಿನ್ನು ಬೇಕಾದರೆ ಅದು ಇನ್ನೊಂದು ಪದ್ಮಿನಿಯ ಒಡಲಿನಿಂದಲೇ ಬರಬೇಕು.

ದಾವಣಗೆರೆಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ ವಿಜ್ಞಾನದ ಮೇಷ್ಟ್ರೊಬ್ಬರಿಗೆ ಈ ಸಂಗತಿ ಚೆನ್ನಾಗಿ ಮನದಟ್ಟಾದುದು 2021ರಲ್ಲಿ. ಅವರದು 1978ರ ತಿಳಿನೀಲಿ ಪದ್ಮಿನಿ. 1986ರಲ್ಲಿ, ಮನೆಯಾಕೆಯ ಎರಡು ಬಳೆಗಳನ್ನು ಮಾರಿ, ಉಳಿದುದಕ್ಕೆ ಸಾಲ ಮಾಡಿ ಕೊಂಡದ್ದು. ಮಠದ ಹೈಸ್ಕೂಲಿನಲ್ಲಿ ಅವರು ಪಾಠ ಹೇಳುತ್ತಿದ್ದ ಕಾಲದಲ್ಲಿ ಆ ಕಾರು ಅವರೊಬ್ಬರ ಸ್ವತ್ತಾಗಿ ಉಳಿದಿರಲಿಲ್ಲ. ವಿದ್ಯಾರ್ಥಿನಿಲಯದ ಹುಡುಗನಿಗೆ ನಡುರಾತ್ರಿ ಜ್ವರವೇರಿದರೆ ಆಸ್ಪತ್ರೆಗೆ ಅದೇ. ದಾಸೋಹಕ್ಕೆ ತರಕಾರಿ ಕಡಿಮೆಯಾದರೆ ಸಂತೆಗೂ ಅದೇ. ಒಂಬತ್ತನೆಯ ತರಗತಿಗೆ ನಾಲ್ಕು ಸ್ಟ್ರೋಕುಗಳ ಪಾಠ ಬಂದಾಗ ಮೇಷ್ಟ್ರು ಕಪ್ಪುಹಲಗೆಯನ್ನು ಬಿಟ್ಟು ಮಕ್ಕಳನ್ನು ಬೇವಿನ ಮರದಡಿಗೆ ಕರೆದೊಯ್ದು ಬಾನೆಟ್ಟು ಎತ್ತುತ್ತಿದ್ದರು. ಯಂತ್ರವೆಂಬ ಶಬ್ದವು ಹಿಡಿದಿಡುವುದೆಂಬ ಅರ್ಥದ ‘ಯಮ್’ ಧಾತುವಿನಿಂದ ಬಂದಿತೆಂದು ಕನ್ನಡದ ಪಂಡಿತರಿಂದ ಕೇಳಿ ತಿಳಿದು, ಬೆಂಕಿಯನ್ನು ಹಿಡಿದಿಟ್ಟು ದುಡಿಸುವುದೇ ಯಂತ್ರವೆಂದು ಅಲ್ಲಿ ವಿವರಿಸುತ್ತಿದ್ದರಂತೆ.

ಮನೆಯಾಕೆ 2018ರಲ್ಲಿ ಲಿಂಗೈಕ್ಯರಾದರು. ಮೂರು ವರ್ಷಗಳ ತರುವಾಯ ಬಂಧುವೊಬ್ಬರು ಕಾರನ್ನು ಎರವಲು ಒಯ್ದು, ರೇಡಿಯೇಟರು ಬತ್ತಿ ಕುದಿಯುತ್ತಿದ್ದ ಎಂಜಿನ್ನಿಗೆ ಅವಸರದಿಂದ ತಣ್ಣೀರು ಸುರಿದರು. ಕೆಂಡದಂತಾದ ಬೀಡುಕಬ್ಬಿಣ ತಣ್ಣೀರನ್ನು ಸಹಿಸದು. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರೆ ಅದಕ್ಕೆ ಹಾಲು ಬೆರೆಸಿದ ಕಾಫಿಯಂತಹ ಜಿಡ್ಡು ಅಂಟಿತ್ತು. ಸಿಲಿಂಡರಿನ ಗೋಡೆ ಸೀಳಿ ನೀರು ಎಣ್ಣೆಗೆ ಇಳಿದಿತ್ತು.

ಮೆಕ್ಯಾನಿಕನು ಮೇಷ್ಟ್ರ ಹಳೆಯ ಶಿಷ್ಯನೇ. ದಾಸೋಹದಲ್ಲಿ ಉಂಡು ಹತ್ತನೆಯ ತರಗತಿಯವರೆಗೆ ಓದಿ, ಅಲ್ಲಿಗೆ ಬಿಟ್ಟು ಗ್ಯಾರೇಜು ಸೇರಿದವನು. ಬ್ಲಾಕಿನ ಮೇಲೆ ಬೆರಳಾಡಿಸಿ, “ಇದು ಮುಗೀತು ಮೇಷ್ಟ್ರೇ. ಬೀಡಿಗೆ ವೆಲ್ಡಿಂಗ್ ನಿಲ್ಲಲ್ಲ. ಬೋರ್ ಸವೆದಿದ್ರೆ ಸ್ಲೀವ್ ಹಾಕ್ತಿದ್ದೆ, ಈ ಬಿರುಕು ಕೆಳಗಿನವರೆಗೂ ಹೋಗಿದೆ” ಎಂದನು. ಪ್ರೀಮಿಯರ್ 118 ಎನ್‌ಇ ಕಾರಿನಲ್ಲಿದ್ದ ನಿಸ್ಸಾನ್ ಎಂಜಿನ್ನನ್ನು ಕೂರಿಸಬಹುದೆಂಬ ಸಲಹೆಯೂ ಬಂದಿತು. ಅದು ಒಳ್ಳೆಯ ಎಂಜಿನ್ನೇ. ಆದರೆ ಅದಕ್ಕಾಗಿ ಬೇರೆ ಮೌಂಟಿಂಗು ಬೇಕು, ಗೇರುಪೆಟ್ಟಿಗೆಯ ತಕರಾರು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ ಮೇಷ್ಟ್ರು ಒಪ್ಪಲಿಲ್ಲ. ಹೊರಗೆ ಫಿಯಟ್ಟು, ಒಳಗೆ ಮತ್ತೊಂದು ಆಗಕೂಡದೆಂಬುದು ಅವರ ಹಟ. ಹಟವೆಂದರೆ ಹಟವೇ; ಅದಕ್ಕೆ ತರ್ಕದ ಬೆಂಬಲವನ್ನು ಅವರೂ ಹುಡುಕಲಿಲ್ಲ.

ಅವಸರಕ್ಕೆ ಇನ್ನೊಂದು ಕಾರಣವಿತ್ತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳಿಗೆ ತೀರುತ್ತದೆ. ಅನಂತರ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ಕಾರನ್ನು ತೋರಿಸಿ ನವೀಕರಿಸಬೇಕು. 1978ರ ಈ ಕಾರಿನ ಅವಧಿ 2023ರ ಆಗಸ್ಟಿಗೆ ಮುಗಿಯುವುದಿತ್ತು. ಉಸಿರಿಲ್ಲದ ಕಾರನ್ನು ಯಾವ ಇನ್‌ಸ್ಪೆಕ್ಟರು ಪರೀಕ್ಷಿಸಿಯಾನು? ಮಗನು ಬೆಂಗಳೂರಿನಿಂದ ಫೋನು ಮಾಡಿ, ಗುಜರಿಗೆ ಕೊಟ್ಟು ಅಂಗಳವನ್ನಾದರೂ ತೆರವು ಮಾಡಿರೆಂದು ಮೃದುವಾಗಿಯೇ ಹೇಳುತ್ತಿದ್ದನು.

ಹುಡುಕಾಟ ಒಂದೂವರೆ ವರ್ಷ ನಡೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಗ್ಯಾಸ್ಕೆಟ್ಟು, ರಿಂಗುಗಳು ದೊರೆತವು, ಎಂಜಿನ್ನು ದೊರೆಯಲಿಲ್ಲ. ಒಂದು ಗುಜರಿಯಲ್ಲಿ ಎಂಜಿನ್ನೇನೋ ಇತ್ತು, ಹೊಸ ಬಣ್ಣ ಬಳಿದುಕೊಂಡು ಮದುವಣಿಗನಂತೆ ಕುಳಿತಿತ್ತು. ಶಿಷ್ಯನು ಸಂಖ್ಯೆ ಕೊರೆದ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ ಅರದ ಗೆರೆಗಳು ಕಂಡವು. ಸಂಖ್ಯೆಯನ್ನು ಉಜ್ಜಿ ತೆಗೆದ ಎಂಜಿನ್ನು ಎಷ್ಟು ಅಗ್ಗವಾದರೂ ಮುಟ್ಟತಕ್ಕದ್ದಲ್ಲ. ಅದು ಯಾರ ಮನೆಯದೋ, ಹೇಗೆ ಬಂದುದೋ! ಇಬ್ಬರೂ ಮಾತಿಲ್ಲದೆ ಹಿಂದಿರುಗಿದರು.

2022ರಲ್ಲಿ ಕುರ್ಲಾಕ್ಕೂ ಹೋಗಿಬಂದರು. ಎಲ್ಲಿ ಈ ಕಾರುಗಳು ಹುಟ್ಟಿದುವೋ ಆ ಕುರ್ಲಾದಲ್ಲಿಯೇ ಈಗ ಹಳೆಯ ವಾಹನಗಳನ್ನು ಕಳಚುವ ಅಂಗಡಿಗಳ ಸಾಲು. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷಗಳ ಮಿತಿಯಿದ್ದುದರಿಂದ ಕಪ್ಪು-ಹಳದಿ ಪದ್ಮಿನಿಗಳು ಒಂದೊಂದಾಗಿ ಬೀದಿ ಬಿಡುತ್ತಿದ್ದ ಕಾಲ ಅದು. ಕಡೆಯದು 2023ರ ಅಕ್ಟೋಬರ್ 30ರಂದು ವಿದಾಯ ಹೇಳಿತು. ಎಂಜಿನ್ನುಗಳು ಕಣ್ಣ ಮುಂದಿದ್ದವು. ಆದರೆ ಟ್ಯಾಕ್ಸಿಯ ಎಂಜಿನ್ನು ಲಕ್ಷಗಟ್ಟಲೆ ಕಿಲೋಮೀಟರು ದುಡಿದದ್ದು. ಸಾಲದೆಂಬಂತೆ ಕಡೆಯ ವರ್ಷಗಳಲ್ಲಿ ಗ್ಯಾಸಿನಿಂದ ಓಡಿದ್ದು. ವಾಲ್ವುಗಳ ಪೀಠ ಸವೆದು ಗುಳಿ ಬಿದ್ದಿತ್ತು. ಜೀವಮಾನವಿಡೀ ಬಾಡಿಗೆಗೆ ದುಡಿದ ಜೀವವನ್ನು ಮತ್ತೆ ನೊಗಕ್ಕೆ ಕಟ್ಟುವುದು ಬೇಡವೆಂದರು ಮೇಷ್ಟ್ರು.

ಕೊನೆಗೆ ಸುಳಿವು ದೊರೆತದ್ದು ಸಮೀಪದಲ್ಲಿಯೇ. ರಾಣೆಬೆನ್ನೂರಿನಾಚೆಯ ಹಳ್ಳಿಯೊಂದರಲ್ಲಿ, ಹತ್ತಿಯ ದಲಾಲಿ ಮಾಡುತ್ತಿದ್ದವರ ಮನೆಯ ಹಿತ್ತಲಲ್ಲಿ 1984ರ ಪದ್ಮಿನಿಯೊಂದು 2016ರಿಂದ ನಿಂತಿತ್ತು. ಯಜಮಾನರು ತೀರಿಹೋಗಿದ್ದರು. ನೆಲಗಟ್ಟು ತುಕ್ಕು ಹಿಡಿದು ಕಾಲಿಟ್ಟರೆ ಕುಸಿಯುವಂತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡಿತ್ತು. ಆದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೊಂದು ಲೆಕ್ಕದ ಪುಸ್ತಕ! ಎಂದು ಎಣ್ಣೆ ಬದಲಿಸಿದ್ದು, ಎಂದು ಟ್ಯಾಪೆಟ್ಟು ಸರಿಪಡಿಸಿದ್ದು, ಎಲ್ಲವೂ ದುಂಡನೆಯ ಅಕ್ಷರಗಳಲ್ಲಿ. ಶಿಷ್ಯನು ಎಂಜಿನ್ನಿಗಿಂತ ಮೊದಲು ಆ ಪುಸ್ತಕವನ್ನು ನೋಡಿಯೇ ಅರ್ಧ ಒಪ್ಪಿದ್ದನು.

ಏಳು ವರ್ಷ ನಿಂತ ಎಂಜಿನ್ನನ್ನು ಥಟ್ಟನೆ ತಿರುಗಿಸಬಾರದು. ರಿಂಗುಗಳು ಗೋಡೆಗೆ ಕಚ್ಚಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳ ಮೂಲಕ ತೆಳುವಾದ ಎಣ್ಣೆಯನ್ನು ಬಿಟ್ಟು ಎರಡು ದಿನ ನೆನೆಯಲು ಬಿಟ್ಟರು. ಮೂರನೆಯ ದಿನ ಮುಂಭಾಗದ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಶಿಷ್ಯನು ಎಳೆಗೂಸಿನ ತೊಟ್ಟಿಲು ತೂಗುವಂತೆ ಹಿಂದಕ್ಕೂ ಮುಂದಕ್ಕೂ ತೂಗಿದನು. ಕೂದಲೆಳೆಯಷ್ಟು ಅಲುಗಿತು, ಮತ್ತಷ್ಟು, ಪೂರ್ತಿ ಒಂದು ಸುತ್ತು ಬಂದಿತು. ಎಣ್ಣೆ ಕರಿದಾಗಿದ್ದರೂ ನೀರಿನ ಕಲಬೆರಕೆ ಇರಲಿಲ್ಲ. ಬ್ಯಾಟರಿ ಕಟ್ಟಿ, ಪ್ಲಗ್ಗಿನ ಜಾಗಕ್ಕೆ ಮಾಪಕವನ್ನು ಒತ್ತಿ ಅಳೆದಾಗ ಮೂರು ಸಿಲಿಂಡರುಗಳು 115ರಿಂದ 120 ಪೌಂಡಿನ ಒಳಗೆ ನಿಂತವು, ನಾಲ್ಕನೆಯದು 105. ನಾಲ್ಕೂ ಸಮನಾಗಿರಬೇಕೆಂಬುದು ಪುಸ್ತಕದ ಮಾತು. ಹತ್ತಿರ ಹತ್ತಿರವಿದ್ದರೆ ಸಾಕೆಂಬುದು ಗ್ಯಾರೇಜಿನ ಮಾತು.

ಬಳಿಕ ಬಾಟಲಿಯಿಂದ ಪೆಟ್ರೋಲು ಹನಿಸಿ ಚಾಲೂ ಮಾಡಿದರು. ಎರಡು ಬಾರಿ ಕೆಮ್ಮಿ, ನೀಲಿ ಹೊಗೆಯುಗುಳಿ, ಎಂಜಿನ್ನು ಹಿಡಿದುಕೊಂಡಿತು. ನೆನೆಹಾಕಿದ ಎಣ್ಣೆ ಸುಟ್ಟು ಹೊಗೆ ತಿಳಿಯಾದಾಗ, ಅದುವರೆಗೆ ಒಳಗೇ ಇದ್ದ ವೃದ್ಧೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದರು. ಬಹಳ ಹೊತ್ತು ಏನನ್ನೂ ಆಡಲಿಲ್ಲ. ಕಡೆಗೆ, “ಮಾಸ್ತರ್ರ, ಅವರು ಪ್ಯಾಟಿಯಿಂದ ಬಂದಾಗ ಹಿಂಗ ಸಪ್ಪಳ ಬರ್ತಿತ್ತು. ಸಪ್ಪಳ ಕೇಳಿ ನಾನು ರೊಟ್ಟಿ ಹಂಚು ಇಡ್ತಿದ್ದೆ” ಎಂದರು.

ಮೇಷ್ಟ್ರ ಕೈ ತಾನಾಗಿ ಬೀಗದ ಕೈಯನ್ನು ತಿರುಗಿಸಿ ಎಂಜಿನ್ನನ್ನು ನಿಲ್ಲಿಸಿತು. ತಮ್ಮ ಮನೆಯಾಕೆಯ ನೆನಪಿಗೆಂದು ಇನ್ನೊಬ್ಬ ತಾಯಿಯ ನೆನಪನ್ನು ಕಳಚುವುದು ಸರಿಯೇ? ವ್ಯಾಪಾರ ಬೇಡವೆಂದು ಅವರು ಎದ್ದೇಬಿಟ್ಟರು. ತಡೆದದ್ದು ಆಕೆಯೇ. “ಕೂಡ್ರಿ. ನಿಮಗ ಕೊಡದಿದ್ರ ಯುಗಾದಿ ಮುಗಿದ ಕೂಡ್ಲೆ ಮಗ ಗುಜರಿಯವರಿಗೆ ತೂಕಕ್ಕ ಹಾಕ್ತಾನ. ಆ ಮಾತು ಆಗೇತಿ. ಓಡೂದನ್ನ ಓಡಾಕ ಒಯ್ಯಿರಿ.” ಮಗನು ಮಾತ್ರ, ಎಂಜಿನ್ನು ಓಡಿದ್ದನ್ನು ಕಂಡ ಮೇಲೆ, ಮೊದಲು ಹೇಳಿದ ಬೆಲೆಗೆ ಐದು ಸಾವಿರ ಕೂಡಿಸಿದನು. ಮೇಷ್ಟ್ರು ಚೌಕಾಸಿ ಮಾಡದೆ ಎಣಿಸಿಕೊಟ್ಟರು. ಲೆಕ್ಕದ ಪುಸ್ತಕವೂ ಕೈಸೇರಿತು. ಬೀಗದ ಕೈಯನ್ನು ವೃದ್ಧೆ ಇರಿಸಿಕೊಂಡರು.

ಇನ್ನುಳಿದುದು ಕಾಗದಪತ್ರಗಳ ಗೋಳು. ಎಂಜಿನ್ನು ಬದಲಾದರೆ ಅದರ ಸಂಖ್ಯೆ ನೋಂದಣಿಯಲ್ಲಿ ದಾಖಲಾಗಲೇಬೇಕು. ಕಳಚಿದ ಕಾರಿನ ಮಾಲೀಕರು ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಎರಡು ಊರುಗಳ ಕಚೇರಿಗಳ ನಡುವೆ ಮೇಷ್ಟ್ರು ಒಂಬತ್ತು ಸಲ ಅಲೆದರು, ಬಸ್ಸಿನಲ್ಲಿ. ಜುಲೈ ತಿಂಗಳಲ್ಲಿ ಇನ್‌ಸ್ಪೆಕ್ಟರು ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದರು. ಅಂಕೆಗಳು ಒಂದೂ ಅಳಿಯದೆ ಮೂಡಿದವು. 2028ರವರೆಗೆ ನವೀಕರಣವಾಯಿತು.

ಎಂಜಿನ್ನಿನ ಹಿಂಬದಿಯ ಸೀಲಿನಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತದೆ. ಅಂಗಳದಲ್ಲಿ ಅದಕ್ಕೊಂದು ತಗಡನ್ನು ಇಡಲಾಗಿದೆ. ಲೆಕ್ಕದ ಪುಸ್ತಕದಲ್ಲಿ, ದಲಾಲರ ದುಂಡಕ್ಷರಗಳು ನಿಂತ ಸಾಲಿನ ಕೆಳಗೆ, ಮೇಷ್ಟ್ರು ತಮ್ಮ ಓರೆಯಕ್ಷರಗಳಲ್ಲಿ ಬರೆಯುವುದನ್ನು ಮುಂದುವರಿಸಿದ್ದಾರೆ.