ಜೀರೋ ಬೀಟ್‌ಗೆ ಕಾದ ರಾತ್ರಿಗಳು

1984ರ ಸುಮಾರಿಗೆ ಬೆಂಗಳೂರಿನ ನಮ್ಮ ಮಹಡಿ ಕೋಣೆಯಲ್ಲಿ ಫ್ರೀಕ್ವೆನ್ಸಿಯ ನಿಖರ ಅಳತೆಗೆಂದು ನನ್ನ ಬಳಿ ಇದ್ದದ್ದು ಒಂದು ಹಳೆಯ ಶಾರ್ಟ್‌ವೇವ್ ರೇಡಿಯೊ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ‘ಎಟಿಎ’ ಕೇಂದ್ರ 10 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್ ಬಿತ್ತರಿಸುತ್ತಿತ್ತು. ನಾನು ಕಟ್ಟಿದ ಕ್ರಿಸ್ಟಲ್ ಆಸಿಲೇಟರನ್ನು ರೇಡಿಯೊ ಪಕ್ಕ ಇಟ್ಟರೆ ಎರಡೂ ಅಲೆ ಬೆರೆತು ಶಿಳ್ಳೆ ಕೇಳುತ್ತಿತ್ತು. ಟ್ರಿಮ್ಮರನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಶಿಳ್ಳೆ ಇಳಿದು ಗುಂಯ್ ಎನ್ನುತ್ತಿತ್ತು. ಕೊನೆಗೆ ಮಲಗಿದವರ ಉಸಿರಿನಂತೆ ನಿಧಾನವಾಗಿ ಏರಿಳಿಯುತ್ತಿತ್ತು. ಅದೇ ಜೀರೋ ಬೀಟ್. ಎರಡು ಸೆಕೆಂಡಿಗೊಮ್ಮೆ ಏರಿಳಿದರೆ ವ್ಯತ್ಯಾಸ ಅರ್ಧ ಹರ್ಟ್ಸ್, ಅಂದರೆ ಎರಡು ಕೋಟಿಯಲ್ಲಿ ಒಂದು ಪಾಲು. ಅದಕ್ಕಿಂತ ಮುಂದೆ ಹೋಗಲು ಆಕಾಶ ಬಿಡುತ್ತಿರಲಿಲ್ಲ. ಸಂಜೆ ಅಯಾನುಗೋಳ ಮೇಲೇರಿದಾಗ ದೆಹಲಿಯ ಅಲೆಯೇ ತುಸು ತಗ್ಗಿ ಬರುತ್ತಿತ್ತು.

ಮುಂದೆ ಕೂಡಿಟ್ಟ ಹಣದಲ್ಲಿ ಯಾರೋ ಬಳಸಿದ್ದ ಫ್ರೀಕ್ವೆನ್ಸಿ ಕೌಂಟರ್ ಕೊಂಡೆ. ಎಂಟು ಕೆಂಪು ಅಂಕಿಗಳು! ಒಂದು ವರ್ಷ ಎಲ್ಲವನ್ನೂ ಅದಕ್ಕೇ ಹೊಂದಿಸಿದೆ. ಒಂದು ರಾತ್ರಿ ಎಟಿಎ ಜೊತೆ ತಾಳೆ ನೋಡಿದರೆ, ಕೌಂಟರ್ 30 ಹರ್ಟ್ಸ್ ಹೆಚ್ಚು ತೋರಿಸುತ್ತಿತ್ತು. ಅದರೊಳಗಿನ ಕ್ರಿಸ್ಟಲ್ಲೇ ಜಾರಿತ್ತು. ತೂಗುವ ಮೊದಲು ತೂಕದ ಕಲ್ಲನ್ನು ತೂಗಬೇಕು ಎಂದು ಅಂದು ಕಲಿತೆ.

ಎಸ್.ಪಿ. ರಸ್ತೆಯ ಗುಜರಿ ಅಂಗಡಿಗಳಿಗೆ ಹಳೆಯ ಟೆಲಿಕಾಂ ಬೋರ್ಡುಗಳು ಬರತೊಡಗಿದ ಮೇಲೆ ನಮ್ಮ ಹವ್ಯಾಸದ ದೆಸೆ ತಿರುಗಿತು. ಅವುಗಳ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಲೋಹದ ಡಬ್ಬಿ ಇರುತ್ತಿತ್ತು: ಓವನ್ ಕ್ರಿಸ್ಟಲ್ ಆಸಿಲೇಟರ್. ಒಳಗಿನ ಪುಟ್ಟ ಹೀಟರ್ ಸ್ಫಟಿಕವನ್ನು ಸುಮಾರು 80 ಡಿಗ್ರಿಯಲ್ಲೇ ಹಿಡಿದಿಡುವುದರಿಂದ ಹೊರಗಿನ ಬಿಸಿಲು, ಚಳಿ ಅದಕ್ಕೆ ತಾಗುವುದು ಬಹಳ ಕಡಿಮೆ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಗುಜರಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕಿತು. ಆದರೆ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯಲು ಎಟಿಎ ಸಾಲುತ್ತಿರಲಿಲ್ಲ.

ಆ ಕೊರತೆ ನೀಗಿಸಿದ್ದು ಜಿಪಿಎಸ್. ನಾಗರಿಕರಿಗೆ ಕೊಡುವ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಇಂದು ಕೆಲವು ನೂರು ರೂಪಾಯಿಯ ಮಾಡ್ಯೂಲ್ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ಅದರಿಂದ ಆಸಿಲೊಸ್ಕೋಪನ್ನು ಟ್ರಿಗರ್ ಮಾಡಿ, ಓವನ್ ಆಸಿಲೇಟರಿನ 10 ಮೆಗಾಹರ್ಟ್ಸ್ ಅಲೆ ಪರದೆಯ ಮೇಲೆ ಎಷ್ಟು ಬೇಗ ಸರಿಯುತ್ತದೆ ಎಂದು ನೋಡುತ್ತೇನೆ. ಒಂದು ಆವರ್ತಕ್ಕೆ 100 ನ್ಯಾನೊಸೆಕೆಂಡ್. ಪೂರ್ತಿ ಒಂದು ಆವರ್ತ ಸರಿಯಲು 100 ಸೆಕೆಂಡ್ ಹಿಡಿದರೆ ತಪ್ಪು ನೂರು ಕೋಟಿಯಲ್ಲಿ ಒಂದು ಪಾಲು. ಪಲ್ಸ್ ತಾನೇ ಹತ್ತಾರು ನ್ಯಾನೊಸೆಕೆಂಡ್ ಅತ್ತಿತ್ತ ಅಲುಗುವುದರಿಂದ ಗಂಟೆಗಟ್ಟಲೆ ಕೂರಬೇಕು. ಅದಕ್ಕೂ ಮೊದಲು ಡಬ್ಬಿಗೆ ಥರ್ಮೊಕೋಲ್ ಮುಚ್ಚಿ, ಬ್ಯಾಟರಿ ಆಸರೆ ಕೊಟ್ಟು, ಮೂರ್ನಾಲ್ಕು ದಿನ ಬಿಡದೆ ಚಾಲೂ ಇಡುತ್ತೇನೆ. ಮೊದಲ ಗಂಟೆಯ ಅಳತೆಯನ್ನು ನಂಬುವುದಿಲ್ಲ.

ಎಟಿಎಯ ಟಿಕ್ ಈಗ ಕೇಳುವುದಿಲ್ಲ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ, ಜಿಪಿಎಸ್‌ನಂಥದೇ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಕಾಲವನ್ನು ಇಸ್ರೋ ಪರಮಾಣು ಗಡಿಯಾರಗಳಿಂದ ಕಾಯುತ್ತಿದೆ. ಒಂದು ಕಾಲಕ್ಕೆ ದೆಹಲಿಯಿಂದ ತೇಲಿಬರುತ್ತಿದ್ದ ಅಳತೆಗೋಲು ಈಗ ನಮ್ಮೂರ ಪಕ್ಕದಲ್ಲೇ ಇದೆ ಎಂಬುದು ನನಗೆ ಹೆಮ್ಮೆ.

ಈ ಹವ್ಯಾಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನನ್ನದು ಇಷ್ಟೇ ಮಾತು: ಕೌಂಟರಿಗಿಂತ ಮೊದಲು ಜಿಪಿಎಸ್ ಮಾಡ್ಯೂಲ್ ಕೊಳ್ಳಿ, ಜೊತೆಗೊಂದು ನೋಟ್‌ಬುಕ್. ತಾರೀಖು, ಕೋಣೆಯ ಉಷ್ಣತೆ, ಅಲೆ ಸರಿದ ಲೆಕ್ಕ ಬರೆದಿಡಿ. ಪ್ರತಿಯೊಂದು ಕ್ರಿಸ್ಟಲ್ಲೂ ವಯಸ್ಸಾದಂತೆ ಜಾರುತ್ತದೆ. ಎಷ್ಟು ಜಾರಿತೆಂದು ಹತ್ತು ವರ್ಷದ ನಂತರ ನಿಮಗೆ ಹೇಳುವುದು ಆ ನೋಟ್‌ಬುಕ್ಕೇ.