ಕಡಲಿಲ್ಲದ ಊರಿನ ಹಡಗು

ಬಯಲುಸೀಮೆಯ ಕನ್ನಡಿಗನಿಗೆ ಸಮುದ್ರವು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಕಿವಿಗೆ ಬೀಳುತ್ತದೆ. ಸಂಸಾರವೊಂದು ಸಾಗರ, ಭವವೊಂದು ಶರಧಿ, ದಾಟಿಸುವ ಅಂಬಿಗನೊಬ್ಬನು ಬೇಕು ಎಂದು ಭಜನೆಯಲ್ಲಿ, ಹರಿಕಥೆಯಲ್ಲಿ ಕೇಳಿ ಕೇಳಿ ಅವನು ದೊಡ್ಡವನಾಗುತ್ತಾನೆ. ಆದರೆ ಉಪ್ಪುನೀರಿನ ಅಲೆಯೊಂದು ಅವನ ಪಾದವನ್ನು ತೊಳೆಯಬೇಕಾದರೆ ಶಾಲೆಯ ಪ್ರವಾಸವೋ, ಮನೆಮಂದಿಯೆಲ್ಲ ಕೂಡಿ ಹೊರಟ ತೀರ್ಥಯಾತ್ರೆಯೋ ಒದಗಿಬರಬೇಕು. ಅಲ್ಲಿಯವರೆಗೆ ಅವನು ಕಂಡ ನೀರೆಂದರೆ ಊರ ಮುಂದಿನ ಕೆರೆ. ಕಂಡ ನಾವೆಯೆಂದರೆ, ಬಹಳವಾದರೆ, ಒಂದು ಹರಿಗೋಲು.

ದೇವನಹಳ್ಳಿ ಇಂತಹ ಊರು. ಕಡಲ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಘಟ್ಟವಿಳಿದು ಮಂಗಳೂರನ್ನು ಸೇರಬೇಕಾದರೆ 300 ಕಿಲೋಮೀಟರಿಗೂ ಹೆಚ್ಚಿನ ದಾರಿ. ಚಕ್ಕೋತದ ಹಣ್ಣಿಗೆ ಹೆಸರಾದ ಈ ಊರಿಗೆ ಹಳೆಯದೊಂದು ಕೋಟೆಯಿದೆ. 2008ರಿಂದೀಚೆಗೆ ಪಕ್ಕದಲ್ಲಿಯೇ ವಿಮಾನ ನಿಲ್ದಾಣವೂ ಬಂದಿದೆ. ಹಗಲಿರುಳೂ ವಿಮಾನಗಳು ತಲೆಯ ಮೇಲೆ ಹಾದುಹೋಗುತ್ತವೆ. ಬಂದರಿಲ್ಲದ ಊರಿಗೆ ಆಕಾಶದಲ್ಲಿಯೇ ಒಂದು ಬಂದರು ದೊರೆತಂತಾಗಿದೆ.

ಕೋಟೆಯ ಸಮೀಪದಲ್ಲಿ ಕಂಬಗಳಿಂದ ಕೂಡಿದ ಚಿಕ್ಕದೊಂದು ಆವರಣವಿದೆ. ಟೀಪು ಸುಲ್ತಾನನು ಹುಟ್ಟಿದ ಸ್ಥಳವಿದೆಂದು ಅಲ್ಲಿಯ ಕಲ್ಲು ಹೇಳುತ್ತದೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ, ಕಡಲಿನ ಗಾಳಿಯೂ ಸುಳಿಯದ ಈ ನೆಲದಲ್ಲಿ ಕಣ್ಣು ತೆರೆದ ಮಗು ಮುಂದೆ 40 ಯುದ್ಧನೌಕೆಗಳ ಪಡೆಯೊಂದನ್ನು ಕಟ್ಟಹೊರಟಿತು. ಇದು ಕಲ್ಲಿನ ಮೇಲೆ ಬರೆದಿಲ್ಲ. ಆದುದರಿಂದ ಬಂದುಹೋಗುವವರಲ್ಲಿ ಹೆಚ್ಚಿನವರು ಇದನ್ನು ಅರಿಯರು.

ಆ ಊರಿನ ಪ್ರೌಢಶಾಲೆಯೊಂದರಲ್ಲಿ ಚರಿತ್ರೆ ಹೇಳಿ ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಅವರು ಇದನ್ನು ಬಲ್ಲರು, ಪಾಠದಲ್ಲಿ ಹೇಳಿಯೂ ಇದ್ದರು. ನಿವೃತ್ತಿಗೆ ಕೆಲವು ತಿಂಗಳಿರುವಾಗ ಮಕ್ಕಳನ್ನು ಆ ಕಲ್ಲಿನ ಬಳಿಗೆ ಕರೆದೊಯ್ದು ಅವರು ಹಡಗುಗಳ ಕಥೆಯನ್ನು ವಿವರಿಸಿದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಇಷ್ಟು ದೂರದಲ್ಲಿ ಹುಟ್ಟಿದೋರಿಗೆ ಹಡಗು ಹೇಗಿರುತ್ತೆ ಅಂತ ಗೊತ್ತಿತ್ತಾ?" ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರಿಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಹಡಗು ಹೇಗಿರುತ್ತದೆಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲವೆಂಬುದೇ ಇದಕ್ಕೆ ಕಾರಣ. ನಿವೃತ್ತರಾದ ಮರುವಾರವೇ ಅವರು ಮನೆಯ ಹಿಂದಿನ ನಡುಮನೆಯಲ್ಲಿ ಒಂದು ಮೇಜು ಹಾಕಿ, ಆ ಹಡಗಿನ ಮರದ ಮಾದರಿಯನ್ನು ಕಟ್ಟಲು ಕುಳಿತರು.

ಮೊದಲು ಚರಿತ್ರೆಯನ್ನು ಮತ್ತೊಮ್ಮೆ ತಿರುವಿಹಾಕಿದರು. ಹೈದರಾಲಿಗೂ ನೌಕಾಪಡೆಯಿದ್ದಿತು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಮೇಲೆ ಎರಗಿ ಅದನ್ನು ನಾಶಮಾಡಿದನು. ನೆಲದ ಮೇಲೆ ಎಷ್ಟು ಗೆದ್ದರೂ ಕಡಲಿನ ಬಾಗಿಲು ತೆರೆದೇ ಇರುವುದೆಂಬ ಪಾಠ ಮಗನ ಮನಸ್ಸಿನಲ್ಲಿ ಉಳಿದಿರಬೇಕು. 1796ರಲ್ಲಿ ಟೀಪು ನೌಕಾಡಳಿತದ ಮಂಡಳಿಯೊಂದನ್ನು ರಚಿಸಿದನು. ಅದರಲ್ಲಿ 'ಮೀರ್ ಯಮ್' ಎಂಬ 11 ಮಂದಿ ಅಧಿಕಾರಿಗಳು. ಅವರ ಕೆಳಗೆ 'ಮೀರ್ ಬಹರ್' ಎಂಬ 30 ಮಂದಿ ನೌಕಾನಾಯಕರು. ಕಟ್ಟಬೇಕಾದುದು 20 ದೊಡ್ಡ ಯುದ್ಧನೌಕೆಗಳು, 20 ಫ್ರಿಗೇಟುಗಳು. ದೊಡ್ಡವುಗಳಲ್ಲಿ ದೊಡ್ಡದಕ್ಕೆ 72 ಫಿರಂಗಿ. ಕಟ್ಟುವ ಸ್ಥಳಗಳು ಮಂಗಳೂರು, ಮಿರ್ಜಾನದ ಸಮೀಪ, ಮತ್ತು ಸದಾಶಿವಗಡ. ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದನೆಂದೂ ತಳಕ್ಕೆ ತಾಮ್ರ ಹೊದಿಸಬೇಕೆಂದು ಆಜ್ಞಾಪಿಸಿದನೆಂದೂ ಚರಿತ್ರಕಾರರು ಬರೆದಿದ್ದಾರೆ.

ಆ ವಾಕ್ಯವನ್ನು ಓದಿದ ರಾತ್ರಿ ಮೇಷ್ಟರಿಗೆ ನಿದ್ರೆ ಬರಲಿಲ್ಲ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿದ್ದಿತು. ಕಡಲಿನಿಂದ ದೂರವಿದ್ದವನಿಗೆ ಹಡಗನ್ನು ಮನಸ್ಸಿಗೆ ತಂದುಕೊಳ್ಳಲು ಇದ್ದ ದಾರಿ ಮಾದರಿಯೊಂದೇ. ಶ್ರೀರಂಗಪಟ್ಟಣದ ಆಜ್ಞೆ ಘಟ್ಟವಿಳಿದು ಕರಾವಳಿಗೆ ಹೋಗುವಾಗ ಮಾತಿನ ಜೊತೆಗೆ ಒಂದು ಆಕಾರವೂ ಹೋಗಬೇಕಾಗಿತ್ತು.

ಅಳತೆಯಿಂದ ಕೆಲಸ ಆರಂಭವಾಯಿತು. ಆ ಕಾಲದ 74 ಫಿರಂಗಿಯ ಹಡಗಿನ ಕೆಳಗಣ ಫಿರಂಗಿಯಟ್ಟ ಸುಮಾರು 175 ಅಡಿ ಉದ್ದವಿರುತ್ತಿದ್ದಿತು. ಆರು ಅಡಿಗೆ ಒಂದು ಅಂಗುಲದಂತೆ ತೆಗೆದುಕೊಂಡರೆ ಮಾದರಿಯು 29 ಅಂಗುಲವಾಗುತ್ತದೆ. ಆ ಲೆಕ್ಕದಲ್ಲಿ ಒಬ್ಬ ನಾವಿಕನ ಎತ್ತರ ಒಂದು ಅಂಗುಲಕ್ಕೂ ಕಡಿಮೆ. ಎರಡೂವರೆ ಟನ್ನಿನ ಫಿರಂಗಿ ಒಂದೂವರೆ ಅಂಗುಲದ ಹಿತ್ತಾಳೆಯ ಕಡ್ಡಿ. ಕಡ್ಡಿಗಳನ್ನು ದೊಡ್ಡಬಳ್ಳಾಪುರದ ಲೇತ್ ಅಂಗಡಿಯವನು ಕಡೆದುಕೊಟ್ಟನು. ಹಗ್ಗಗಳಿಗೆ ಬೇಕಾದ ನೂಲೂ ಮಗ್ಗಗಳ ಊರಾದ ದೊಡ್ಡಬಳ್ಳಾಪುರದಿಂದಲೇ ಬಂದಿತು. ಸೀರೆಯ ಸೆರಗಿಗೆ ಹೋಗಬೇಕಾಗಿದ್ದ ರೇಷ್ಮೆ ಎಳೆ ಹಾಯಿಹಗ್ಗವಾಯಿತು. ಹಲಗೆಗೆ ಚನ್ನಪಟ್ಟಣದ ಬೊಂಬೆಯವರು ಬಳಸುವ ಹಾಲೆಮರ, ಅಡಿತೊಲೆಗೆ ಹಳೆಯ ಬಾಗಿಲವಾಡದ ತೇಗ.

ಹಡಗಿನಲ್ಲಿ ಎಲ್ಲಿಯೂ ನೇರವಾದ ಗೆರೆಯಿಲ್ಲವೆಂಬುದು ಮೇಷ್ಟರು ಕಲಿತ ಮೊದಲ ಪಾಠ. ಮನೆಯನ್ನು ಮೂಲೆಮಟ್ಟದಿಂದ ಕಟ್ಟಬಹುದು, ಹಡಗನ್ನು ಕಟ್ಟಲಾಗದು. ಅಡಿತೊಲೆ ಬೆನ್ನುಮೂಳೆಯಾದರೆ ಅದರ ಎರಡು ಮಗ್ಗುಲಿಗೂ ಪಕ್ಕೆಲುಬುಗಳು ಏಳುತ್ತವೆ. ಯಾವ ಎರಡು ಎಲುಬುಗಳೂ ಒಂದೇ ಆಕಾರದವಲ್ಲ. ಹಲಗೆಯ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಮೆಲ್ಲನೆ ಬಾಗಿಸಿ, ಗುಂಡುಸೂಜಿಯಿಂದ ಹಿಡಿಸಿ, ಒಣಗುವವರೆಗೆ ಕಾಯಬೇಕು. ಅವಸರಪಟ್ಟರೆ ಪಟ್ಟಿ ಚಟ್ಟನೆ ಮುರಿಯುತ್ತದೆ. ಮೊದಲ ತಿಂಗಳು ಮುರಿದ ಪಟ್ಟಿಗಳಿಂದಲೇ ಮನೆಯ ಬಚ್ಚಲೊಲೆಗೆ ಬೆಂಕಿ ಹಿಡಿಸಲಾಯಿತು.

ಕೂವೆಮರಗಳಿಗೆ ಹತ್ತುವ ಹಗ್ಗದ ಏಣಿಗಳ ಸರದಿ ಬಂದಾಗ ಮೇಷ್ಟರು ಸೋತರು. ಪ್ರತಿಯೊಂದು ಮೆಟ್ಟಿಲಿಗೂ ಹಲವು ಗಂಟು. ಅಂತಹ ಗಂಟುಗಳು ಸಾವಿರಗಟ್ಟಲೆ. ಚಿಮುಟ ಹಿಡಿದು ಒಂದು ಸಂಜೆಯೆಲ್ಲ ಹೆಣಗಿ ಅವರು ಹಾಕಿದ್ದು ಹನ್ನೆರಡು ಗಂಟು. ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅವರ ಮನೆಯಾಕೆ ಒಳಗೆ ಬಂದು ನೋಡಿದರು.

"ಇದಕ್ಕೇ ಇಷ್ಟು ಹೊತ್ತು ಒದ್ದಾಡ್ತಿದ್ದೀರಾ? ಇದು ಹೂ ಕಟ್ಟೋ ಗಂಟಲ್ವಾ? ಕೊಡಿ ಇಲ್ಲಿ" ಎಂದರು.

ನಿಜವಾಗಿಯೂ ಅದು ಅದೇ ಜಾತಿಯ ಗಂಟು. ಎಳೆಯನ್ನು ಬೆರಳಿನ ಮೇಲೆ ತಿರುಚಿ, ಕುಣಿಕೆ ಮಾಡಿ, ಎರಡು ಸಲ ಬಿಗಿದರೆ ಮುಗಿಯಿತು. ನಲವತ್ತು ವರ್ಷ ಬಾಳೆನಾರಿನಲ್ಲಿ ಪಳಗಿದ ಬೆರಳುಗಳು ಒಂದು ಗಂಟೆಯಲ್ಲಿ ಏಣಿಯ ಅರ್ಧಭಾಗವನ್ನು ಏರಿಬಿಟ್ಟವು. ಅಂದಿನಿಂದ ಹಗ್ಗದ ಖಾತೆ ಆಕೆಯದಾಯಿತು. ಮೇಷ್ಟರು ಜೇನುಮೇಣ ಸವರಿ ನೂಲನ್ನು ಒದಗಿಸುವ ಸಹಾಯಕರಾದರು.

ವಿಷಯ ಊರಿನಲ್ಲಿ ಹರಡಿತು, ನೋಡುವವರು ಬರತೊಡಗಿದರು. ಒಬ್ಬರು, "72 ಫಿರಂಗೀನೂ ಹೊರಗೆ ಚಾಚಿರಬೇಕು ಮೇಷ್ಟ್ರೇ, ಹಾಯಿಗಳೆಲ್ಲ ಗಾಳಿ ತುಂಬಿ ಉಬ್ಬಿರಬೇಕು, ನೋಡಿದವರ ಎದೆ ನಡುಗಬೇಕು" ಎಂದರು. ಇನ್ನೊಬ್ಬರು ಮುಖ ಗಂಟಿಕ್ಕಿ, "ಅವನ ಹಡಗು ಕಟ್ಟೋದಕ್ಕೆ ನಿಮಗೇನು ಬಂತು?" ಎಂದರು. ಆ ಅರಸನ ಗುಣದೋಷಗಳ ಚರ್ಚೆ ನಾಡಿನಲ್ಲಿ ಇನ್ನೂ ಮುಗಿದಿಲ್ಲ. ಮೇಷ್ಟರ ಜಗಲಿಯಲ್ಲಿ ಮುಗಿಯುವುದೂ ಸಾಧ್ಯವಿರಲಿಲ್ಲ. ಮೇಷ್ಟರು ಇಬ್ಬರಿಗೂ ಕಾಫಿ ತರಿಸಿದರು. "ಮರಕ್ಕೆ ಪಕ್ಷವಿಲ್ಲ. ಅಳತೆ ತಪ್ಪಿದರೆ ಯಾರ ಹಡಗಾದರೂ ಮುಳುಗುತ್ತದೆ" ಎಂದಷ್ಟೇ ಹೇಳಿದರು.

ಆದರೆ ಅವರು ಹೋದಮೇಲೆ ಮೇಷ್ಟರ ಮನಸ್ಸಿನಲ್ಲಿ ಮುಳ್ಳೊಂದು ಉಳಿಯಿತು. ತಾನು ಕಟ್ಟುತ್ತಿರುವುದು ಯಾವ ಹಡಗು? ಮೊಮ್ಮಗ ತನ್ನ ಫೋನಿನಲ್ಲಿ ಹುಡುಕಿ ತೆಗೆದುಕೊಟ್ಟ ನಕ್ಷೆಗಳೆಲ್ಲ ಇಂಗ್ಲೆಂಡಿನವು. ಆ ನಕ್ಷೆಯ ಹಡಗಿಗೆ ಹುಲಿಯ ಪಟ್ಟೆ ಬಳಿದು, ನಿಶಾನಿ ಏರಿಸಿ, "ಇದೇ ಸುಲ್ತಾನನ ನೌಕೆ" ಎಂದರೆ ನೋಡುವವರು ನಂಬುತ್ತಾರೆ. ನಂಬುತ್ತಾರೆಂಬುದೇ ಕಷ್ಟ. 40 ಹಡಗುಗಳ ಆ ಪಡೆ ಕಡಲನ್ನು ಆಳಲಿಲ್ಲ. ಯೋಜನೆ ಪೂರ್ಣವಾಗುವ ಮೊದಲೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು, ಅರಸನೂ ಮಡಿದನು. ಆಗದೆ ಹೋದುದನ್ನು ಆಗಿದ್ದಂತೆ ತೋರಿಸುವುದು ಚರಿತ್ರೆಯ ಮೇಷ್ಟರ ಕೈಯಿಂದ ಆಗಬಹುದಾದ ಕೆಲಸವೇ? ಎರಡು ತಿಂಗಳು ಮೇಜಿನ ಮೇಲೆ ಬಟ್ಟೆ ಮುಚ್ಚಿಯೇ ಇದ್ದಿತು.

ಆ ಎರಡು ತಿಂಗಳು ಅವರು ಲೆಕ್ಕ ಹಾಕಿದರು. 74 ಫಿರಂಗಿಯ ಒಂದು ಹಡಗಿಗೆ ಇಂಗ್ಲೆಂಡಿನಲ್ಲಿ ಸುಮಾರು 2,000 ಓಕ್ ಮರಗಳು ಬೇಕಾಗುತ್ತಿದ್ದುವೆಂದು ಅಂದಾಜು. ಪೋರ್ಟ್ಸ್‌ಮತ್ತಿನಲ್ಲಿ ಇಂದಿಗೂ ನಿಂತಿರುವ 'ವಿಕ್ಟರಿ' ಎಂಬ ನೌಕೆಗೆ ಬೇಕಾದ ಮರಗಳು ಸುಮಾರು 6,000. 1759ರಲ್ಲಿ ಅದರ ಅಡಿತೊಲೆಯನ್ನು ಇಟ್ಟರು. ಅದು ನೀರಿಗಿಳಿದುದು 1765ರಲ್ಲಿ. ಹಸಿಮರ ಬಿರಿಯುತ್ತದೆ, ಸೊಟ್ಟಗಾಗುತ್ತದೆ. ಒಣಗಿ ಪಕ್ವವಾಗಲು ವರ್ಷಗಳು ಬೇಕು. ಟೀಪುವಿಗೆ ದೊರೆತುದು ಮೂರೇ ವರ್ಷ. ಅದಕ್ಕೂ ಮುಂಚೆ, 1792ರ ಒಪ್ಪಂದದಲ್ಲಿ, ಅರ್ಧರಾಜ್ಯ ಕೈಬಿಟ್ಟಿತ್ತು. ತೇಗದ ಕಾಡುಗಳಿಗೆ ಹೆಸರಾದ ಮಲಬಾರೂ ಅದರೊಡನೆ ಹೋಗಿತ್ತು.

ಕಾಲವೊಂದೇ ಕಾರಣವಾಗಿದ್ದಿದ್ದರೆ ಮೇಷ್ಟರು ಅಷ್ಟಕ್ಕೆ ಸುಮ್ಮನಾಗುತ್ತಿದ್ದರು. ಆದರೆ ಮತ್ತೊಂದು ಹಡಗು ಅವರನ್ನು ತಡೆಯಿತು. ಅದೇ ಮಲಬಾರಿನ ತೇಗದಿಂದ ಮುಂಬಯಿಯಲ್ಲಿ 'ಟ್ರಿಂಕೋಮಲಿ' ಎಂಬ ಫ್ರಿಗೇಟನ್ನು ಇಂಗ್ಲಿಷರಿಗಾಗಿ ಕಟ್ಟಿದರು. 1816ರಲ್ಲಿ ಆರಂಭವಾದ ಆ ಹಡಗು 1817ರ ಅಕ್ಟೋಬರಿನಲ್ಲಿಯೇ ನೀರಿಗಿಳಿಯಿತು. ಅಷ್ಟು ಬೇಗ ಹೇಗೆ? ಕಟ್ಟಿದವರು ವಾಡಿಯಾ ಮನೆತನದವರು. ಅವರ ಹಿರಿಯರಾದ ಲವಜಿ ನಸರ್ವಾನ್‌ಜಿ ವಾಡಿಯಾ ಸೂರತ್ತಿನಿಂದ ಮುಂಬಯಿಗೆ ಬಂದು ನೆಲಸಿದ್ದು 1736ರಲ್ಲಿ. ಆ ಒಂದೂವರೆ ವರ್ಷದ ಹಿಂದೆ 80 ವರ್ಷಗಳಿದ್ದುವು; ತಂದೆಯ ಉಳಿಯನ್ನು ಮಗ ಹಿಡಿದ, ಮಗನ ಉಳಿಯನ್ನು ಮೊಮ್ಮಗ ಹಿಡಿದ ವರ್ಷಗಳು.

ಮೇಷ್ಟರು ಅಂಗಳದಲ್ಲಿ ಹೂ ಕಟ್ಟುತ್ತಿದ್ದ ಬೆರಳುಗಳನ್ನು ನೋಡಿದರು. ಅರಸನ ಆಜ್ಞೆ ತಪ್ಪಾಗಿರಲಿಲ್ಲ. ತಾಮ್ರದ ತಳ ಹುಚ್ಚು ಕಲ್ಪನೆಯೂ ಅಲ್ಲ. ಮರವನ್ನು ಕೊರೆಯುವ ಕಡಲಹುಳುವಿಗೆ ಅದೇ ತಕ್ಕ ಮದ್ದೆಂದು ಬ್ರಿಟಿಷ್ ನೌಕಾಪಡೆ 1780ರ ಆಸುಪಾಸಿನಲ್ಲಷ್ಟೇ ಅದನ್ನು ಎಲ್ಲೆಡೆ ಬಳಕೆಗೆ ತಂದಿತ್ತು. ತಿಳಿವಳಿಕೆ ಘಟ್ಟದ ಮೇಲಣ ರಾಜಧಾನಿಗೂ ತಲುಪಿತ್ತು. ಆದರೆ ಸಾವಿರಾರು ಗಂಟುಗಳನ್ನು ನೋಡದೆಯೇ ಹಾಕಬಲ್ಲ ಬೆರಳುಗಳನ್ನು ಯಾವ ಫರ್ಮಾನೂ ಮೂರು ವರ್ಷಗಳಲ್ಲಿ ಹುಟ್ಟಿಸಲಾರದು. ಕರಾವಳಿಯಲ್ಲಿ ಮಂಜಿಗಳನ್ನು ಕಟ್ಟುವ ಕುಶಲಿಗಳಿದ್ದರು. ಎರಡು ಅಟ್ಟಗಳ ತುಂಬ ಫಿರಂಗಿ ಹೊರುವ ನೌಕೆಯ ವಿದ್ಯೆ ಬೇರೆ. ಅದು ಕೈಯಿಂದ ಕೈಗೆ ಇಳಿದುಬರಬೇಕಾದ ವಿದ್ಯೆ. ಇದು ತಿಳಿಯಲು ಚರಿತ್ರೆಯ ಪುಸ್ತಕವಿದ್ದರೆ ಸಾಲದಾಗಿತ್ತು; ಮುರಿದ ಹಲಗೆಪಟ್ಟಿಗಳೂ ಬೇಕಾಗಿದ್ದುವು.

ಮರುದಿನ ಅವರು ಬಟ್ಟೆಯನ್ನು ತೆಗೆದರು. ಎಡಮಗ್ಗುಲಿಗೆ ಹಲಗೆ ಹೊಂದಿಸಿ ಮುಗಿಸಿದರು. ಆ ಮಗ್ಗುಲಿನ 36 ಫಿರಂಗಿಗಳನ್ನು ಕೂಡಿಸಿದರು. ನೀರಿನ ಗೆರೆಯ ಕೆಳಗೆ ತಾಮ್ರದ ಚಿಕ್ಕ ಚಿಕ್ಕ ತಗಡುಗಳನ್ನು ಅಂಟಿಸಿದರು. ಬಲಮಗ್ಗುಲನ್ನು ಹಾಗೆಯೇ ಬಿಟ್ಟರು. ಅಲ್ಲಿ ಹಲಗೆಯಿಲ್ಲ, ಫಿರಂಗಿಯಿಲ್ಲ. ಎದ್ದುನಿಂತ ಪಕ್ಕೆಲುಬುಗಳು ಮಾತ್ರ. ಕೂವೆಗಳಿಗೆ ಏಣಿಗಳುಂಟು, ಹಾಯಿಗಳಿಲ್ಲ. "ಇಷ್ಟು ಕಷ್ಟಪಟ್ಟು ಅರ್ಧ ಬಿಡೋದಾ? ನನ್ನ ಗಂಟುಗಳಂತೂ ಪೂರ್ತಿ ಇವೆ" ಎಂದು ಮನೆಯಾಕೆ ಬೇಸರಗೊಂಡರು. ಆಮೇಲೆ ಬಲಮಗ್ಗುಲಿನಿಂದ ಒಳಗೆ ಇಣುಕಿ ನೋಡಿ, "ಈ ಕಡೆಯಿಂದಲೇ ಚೆನ್ನಾಗಿದೆ, ಕೆಲಸವೆಲ್ಲ ಕಾಣುತ್ತೆ" ಎಂದರು.

ಶಾಲೆಯ ಮಕ್ಕಳು ನೋಡಲು ಬಂದರೆ ಮೇಷ್ಟರು ಮೊದಲು ಎಡಮಗ್ಗುಲನ್ನು ತೋರಿಸಿ, ಆಜ್ಞೆ ಏನಿತ್ತೆಂದು ಹೇಳುತ್ತಾರೆ. ಬಳಿಕ ಮೇಜನ್ನು ತಿರುಗಿಸಿ ಎಲುಬುಗಳನ್ನು ಎಣಿಸಲು ಹೇಳುತ್ತಾರೆ. ಎಣಿಸುತ್ತ ಎಣಿಸುತ್ತ ಮಕ್ಕಳು ಮೌನವಾಗುತ್ತಾರೆ. ಒಂದಕ್ಕೆ ಎಷ್ಟು ದಿನ ಹಿಡಿಯಿತೆಂದು ತಾವಾಗಿಯೇ ಕೇಳುತ್ತಾರೆ. ಮೇಷ್ಟರು ಬಯಸಿದ ಪ್ರಶ್ನೆ ಅದೇ. ತೇಗದ ಪೀಠದ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿದೆ. ಅದರಲ್ಲಿ ಅರಸನ ಹೆಸರಿಗೆ ಬಿರುದುಬಾವಲಿಗಳಿಲ್ಲ, ನಿಂದೆಯೂ ಇಲ್ಲ. ದುಂಡಗಿನ ಅಕ್ಷರಗಳಲ್ಲಿ ಹೀಗಿದೆ: "1796ರಲ್ಲಿ ಆಜ್ಞೆಯಾದ ಹಡಗುಪಡೆಯ ನೆನಪಿಗೆ. ಆ ಪಡೆ ಪೂರ್ಣವಾಗಲಿಲ್ಲ. ಹಗ್ಗದ ಕೆಲಸ: ಮನೆಯವರದು."