ಕೆಡದ ನೀಲಿಯ ಬೆನ್ನು ಹತ್ತಿ

ಮೆಕ್ಸಿಕೊದ ಚಿಚೆನ್ ಇಟ್ಜಾಕ್ಕೆ ಬಂದವರೆಲ್ಲ ಕುಕುಲ್ಕನ್ ಪಿರಮಿಡ್ಡಿನ ಮುಂದೆ ನಿಂತುಬಿಡುತ್ತಾರೆ. ನಾನೂ ನಿಂತೆ, ಆದರೆ ಮನಸ್ಸೆಲ್ಲ ಉತ್ತರಕ್ಕೆ ಹೋಗುವ ಹಳೆಯ ದಾರಿಯ ತುದಿಯಲ್ಲಿದ್ದ ಬಾವಿಯ ಮೇಲೇ ಇತ್ತು. ಬಾವಿ ಎಂದರೆ ಯಾರೋ ತೋಡಿದ್ದಲ್ಲ. ಸುಣ್ಣಕಲ್ಲಿನ ನೆಲ ಕುಸಿದು ತಾನಾಗಿ ಆದ ಹೊಂಡ. ಇಲ್ಲಿಯವರು ಸೆನೋಟೆ ಎನ್ನುತ್ತಾರೆ. ಸುಮಾರು 60 ಮೀಟರ್ ಅಗಲ, ಕಡಿದಿಟ್ಟಂಥ ಗೋಡೆ, ಇಪ್ಪತ್ತು ಮೀಟರಿಗೂ ಕೆಳಗೆ ಪಾಚಿಗಟ್ಟಿದ ಹಸಿರು ನೀರು. ಉತ್ತರ ಯುಕಟಾನಿನ ನೆಲದ ಮೇಲೆ ನದಿಗಳೇ ಹರಿಯುವುದಿಲ್ಲ. ನೀರಿಗೆ ಇಂಥ ಹೊಂಡಗಳೇ ಗತಿ. ಮಾಯಾ ಜನ ಮಳೆದೇವರಾದ ಚಾಕ್‌ನಿಗೆ ಇಲ್ಲಿಯೇ ಹರಕೆ ಒಪ್ಪಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಶ್ಚರ್ಯವಿರುವುದು ತಳದಲ್ಲಿ. 1904ರಲ್ಲಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಈ ಹೊಂಡದ ಹೂಳೆತ್ತಿಸಲು ಶುರುಮಾಡಿದಾಗ ಜೇಡ್ ಕಲ್ಲು, ಚಿನ್ನ, ಮಡಕೆ, ಮನುಷ್ಯರ ಎಲುಬು ಮೇಲೆ ಬಂದವು. ಇವುಗಳ ಜೊತೆಗೆ ಸುಮಾರು 14 ಅಡಿ ದಪ್ಪದ ನೀಲಿ ಕೆಸರಿನ ಪದರವೂ ಸಿಕ್ಕಿತು. ಬಲಿಯಾಗುವವರ ಮೈಗೆ ನೀಲಿ ಬಳಿಯುತ್ತಿದ್ದರೆಂದು ಸ್ಪೇನಿನ ಪಾದ್ರಿ ದಿಯೆಗೊ ದೆ ಲಾಂಡಾ ಹದಿನಾರನೇ ಶತಮಾನದಲ್ಲೇ ಬರೆದಿಟ್ಟಿದ್ದ. ನೀರಿಗೆ ಬಿದ್ದ ಮೈಯಿಂದ, ಮಡಕೆಯಿಂದ ಬಣ್ಣ ಕಳಚಿ ತಳಕ್ಕಿಳಿಯಿತು. ಕಳಚಿತೇ ಹೊರತು ಕೆಡಲಿಲ್ಲ. ಶತಮಾನಗಟ್ಟಲೆ ನೀರೊಳಗೆ ಕೂತರೂ ನೀಲಿ ನೀಲಿಯಾಗಿಯೇ ಉಳಿಯಿತು. ಹೊಂಡದ ಅಂಚಿನಲ್ಲಿ ನಿಂತು ಅದನ್ನು ನೆನೆದಾಗ ನಿಜಕ್ಕೂ ಮೈ ಜುಮ್ಮೆಂದಿತು. ಬಲಿಯಾದವರಲ್ಲಿ ಮಕ್ಕಳೂ ಇದ್ದರು. ಬೆರಗಿನ ಜೊತೆ ಆ ಸಂಕಟವನ್ನೂ ಹೊತ್ತೇ ಅಲ್ಲಿಂದ ಹೊರಡಬೇಕಾಯಿತು.

ಈ ನೀಲಿಯ ಮೂಲ ಗಿಡದ ಎಲೆ. ನಮ್ಮ ಜೀನ್ಸ್ ಪ್ಯಾಂಟಿನಲ್ಲಿರುವ ಅದೇ ಇಂಡಿಗೊ. ಒಂದು ಕಾಲಕ್ಕೆ ಇಂಡಿಯಾದಿಂದ ಯುರೋಪಿಗೆ ಹಡಗು ಹಡಗಾಗಿ ಹೋದ ನೀಲಿಯ ಬಂಧು. ಇಂಡಿಗೊ ಬಿಸಿಲಿಗೆ ಮಾಸುತ್ತದೆ, ನೈಟ್ರಿಕ್ ಆಮ್ಲ ಬಿದ್ದರೆ ಹಳದಿಗೆ ತಿರುಗಿ ಹಾಳಾಗುತ್ತದೆ. ಮಾಯಾ ನೀಲಿಯ ಮೇಲೆ ಅದೇ ಆಮ್ಲ ಸುರಿದರೂ ಏನೂ ಆಗುವುದಿಲ್ಲ. ಚಿಚೆನ್ ಇಟ್ಜಾದ ಯೋಧರ ದೇಗುಲದ ಚಿತ್ರಗಳಲ್ಲಿನ ಈ ವಿಚಿತ್ರ ಬಣ್ಣದ ಮಾತು ಮೊದಲು ಬಂದದ್ದು 1931ರಲ್ಲಿ. 1942ರಲ್ಲಿ ಗೆಟೆನ್ಸ್ ಮತ್ತು ಸ್ಟೌಟ್ ಅದಕ್ಕೆ ‘ಮಾಯಾ ನೀಲಿ’ ಎಂದು ಹೆಸರಿಟ್ಟರು. ಇಷ್ಟು ಗಟ್ಟಿಯಾದದ್ದು ಯಾವುದೋ ಖನಿಜವೇ ಇರಬೇಕೆಂಬ ಊಹೆ ಬಹಳ ಕಾಲ ನಡೆಯಿತು. 1966ರಲ್ಲಿ ವಾನ್ ಓಲ್ಫೆನ್ ಎಂಬ ರಸಾಯನ ವಿಜ್ಞಾನಿ ಇಂಡಿಗೊವನ್ನು ಪ್ಯಾಲಿಗಾರ್ಸ್ಕೈಟ್ ಎಂಬ ಬಿಳಿ ಜೇಡಿಯ ಜೊತೆ ಸೇರಿಸಿ ಬಿಸಿ ಮಾಡಿ, ಆಮ್ಲಕ್ಕೂ ಜಗ್ಗದ ನೀಲಿಯನ್ನು ಪ್ರಯೋಗಶಾಲೆಯಲ್ಲೇ ಮಾಡಿ ತೋರಿಸಿದ.

ಆ ಜೇಡಿಯನ್ನು ಕೈಯಲ್ಲಿ ಹಿಡಿಯಬೇಕೆಂಬ ಆಸೆಯಿಂದ ಮೆರಿಡಾದಿಂದ ದಕ್ಷಿಣಕ್ಕೆ, ಕುಂಬಾರರ ಊರಾದ ತಿಕುಲ್‌ಗೆ ಹೋದೆ. ಮಾಯಾ ಭಾಷೆಯಲ್ಲಿ ಆ ಜೇಡಿಯ ಹೆಸರು ಸಾಕ್ ಲುಊಮ್. ತಿಕುಲ್ ಸುತ್ತಲೂ, ಹತ್ತಿರದ ಸಾಕಲೂಮ್ ಊರಿನ ಸೆನೋಟೆಯ ಒಳಗೂ ಇದನ್ನು ಅಗೆದು ತೆಗೆಯುತ್ತಿದ್ದರು. ಅಂಗಳದಲ್ಲಿ ಮಡಕೆ ಒಣಹಾಕುತ್ತಿದ್ದ ಹಿರಿಯ ಹೆಂಗಸೊಬ್ಬರು ಮುಷ್ಟಿಗಾತ್ರದ ಬಿಳಿ ಹೆಂಟೆಯೊಂದನ್ನು ಕೊಟ್ಟು, “ನಾಲಗೆಗೆ ಮುಟ್ಟಿಸಿ ನೋಡು ಮಗಾ” ಎಂದು ಸನ್ನೆ ಮಾಡಿದರು. ಮುಟ್ಟಿಸಿದೆ. ಪಟ್ಟನೆ ಅಂಟಿಕೊಂಡಿತು! ಎಳೆದರೆ ಸಣ್ಣಗೆ ಚುರುಗುಟ್ಟಿ ಬಿಟ್ಟಿತು. ರುಚಿಯಿಲ್ಲ, ಮೊದಲ ಮಳೆಯ ಮಣ್ಣಿನ ವಾಸನೆ ಮಾತ್ರ. ಕಲ್ಲಿನಂತೆ ಕಂಡದ್ದು ಕೈಗೆ ಅಷ್ಟೇನೂ ಭಾರವಿರಲಿಲ್ಲ. ಅವರ ಮೊಮ್ಮಗ ಒಂದು ಚೂರನ್ನು ಪುಡಿಮಾಡಿ, ಚಿಟಿಕೆ ಇಂಡಿಗೊ ಬೆರೆಸಿ, ತೊರ್ತಿಯಾ ಬೇಯಿಸುವ ಹೆಂಚಿನ ಮೇಲೆ ಹರಡಿದ. ಮೊದಲು ಮಂಕು ನೀಲಿ. ಕೈಯಾಡಿಸುತ್ತ ಆಡಿಸುತ್ತ ಕಾವೇರಿದಂತೆ ಪುಡಿಗೆ ಒಂದು ಹೊಳಪು ಬಂತು, ಹಸಿರಿನ ಛಾಯೆ ಇಣುಕಿತು. ನವಿಲಿನ ಕತ್ತಿನ ಬಣ್ಣ ಕಣ್ಣೆದುರೇ ಹುಟ್ಟಿತು.

ನಾಲಗೆಗೆ ಅಂಟಿದ್ದರಲ್ಲೇ ಅರ್ಧ ಗುಟ್ಟಿದೆ. ಈ ಜೇಡಿಯ ಕಣಗಳು ಸೂಕ್ಷ್ಮವಾದ ಎಳೆಗಳು. ಪ್ರತಿ ಎಳೆಯೂ ಬಿದಿರಿನ ಕೊಳವೆಗಳ ಕಟ್ಟಿನಂತೆ. ಕೊಳವೆಯ ಅಗಲ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಒಳಗೆ ನೀರಿನ ಅಣುಗಳು ಕೂತಿರುತ್ತವೆ. ನೂರು ಡಿಗ್ರಿ ದಾಟಿ ಕಾಸಿದಾಗ ಆ ನೀರು ಜಾಗ ಖಾಲಿ ಮಾಡುತ್ತದೆ, ಇಂಡಿಗೊ ಅಣು ಹೊಕ್ಕು ಜೇಡಿಯ ಜೊತೆ ಹೈಡ್ರೋಜನ್ ಬಂಧ ಬೆಸೆದುಕೊಳ್ಳುತ್ತದೆ. ಅದು ಕೊಳವೆಯ ಒಳಗೆಲ್ಲ ಇಳಿಯುತ್ತದೋ, ಬಾಯಿಯನ್ನು ಬೆಣೆಯಂತೆ ಮುಚ್ಚುತ್ತದೋ, ಮೇಲ್ಮೈಯ ತೋಡುಗಳಲ್ಲಿ ಕೂರುತ್ತದೋ ಎಂಬ ವಾದ ಇನ್ನೂ ಮುಗಿದಿಲ್ಲ. ನೂರು ಪಾಲಿನಲ್ಲಿ ಇಂಡಿಗೊ ಒಂದೆರಡು ಪಾಲು ಮಾತ್ರ, ಆದರೂ ಅಷ್ಟೊಂದು ಬಣ್ಣ. ಒಂಟಿಯಾಗಿದ್ದರೆ ಇಂಡಿಗೊ ಬೇಗ ಸಾಯುವಂಥದ್ದು, ಜೇಡಿಗೆ ಬಣ್ಣವೇ ಇಲ್ಲ. ಇಬ್ಬರಲ್ಲೂ ಇಲ್ಲದ ಗುಣ ಇಬ್ಬರೂ ಕೂಡಿದಾಗ ಬಂತು. ಸಾವಯವ ಅಣು ಮತ್ತು ಖನಿಜವನ್ನು ಹೀಗೆ ಬೆಸೆದ ವಸ್ತುಗಳಿಗೆ ಇಂದು ಹೈಬ್ರಿಡ್ ವಸ್ತು ಎನ್ನುತ್ತಾರೆ. 2005ರಲ್ಲಿ ಗೋಮೆಜ್-ರೊಮೆರೊ ಮತ್ತು ಕ್ಲೆಮೆಂ ಸಾಂಚೆಜ್ ಎಂಬ ವಿಜ್ಞಾನಿಗಳು ಈ ಕ್ಷೇತ್ರದ ಕಥೆ ಹೇಳುವಾಗ ಶುರುಮಾಡಿದ್ದೇ ಮಾಯಾ ನೀಲಿಯಿಂದ.

ಮಾಯಾ ಜನ ಇದನ್ನು ಕಾಸಿದ ಒಲೆ ಯಾವುದಿತ್ತು ಎಂಬುದಕ್ಕೂ ಒಂದು ಸುಳಿವಿದೆ. ಚಿಚೆನ್ ಇಟ್ಜಾದ ಸೆನೋಟೆಯಿಂದ ಎತ್ತಿದ ಬಟ್ಟಲೊಂದು ಷಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಗಟ್ಟಿಯಾಗಿ ಕೂತ ಕೋಪಲ್ ಧೂಪದ ಉಂಡೆ. (ನಮ್ಮ ಪಶ್ಚಿಮ ಘಟ್ಟದ ಸಾಲುಧೂಪದ ಮರದ ರಾಳಕ್ಕೂ ವ್ಯಾಪಾರದಲ್ಲಿ ಇಂಡಿಯನ್ ಕೋಪಲ್ ಎಂಬ ಹೆಸರಿದೆ.) ಆ ಉಂಡೆಯಲ್ಲಿ ಜೇಡಿಯ ಬಿಳಿ ಚೂರು, ಇಂಡಿಗೊದ ಗುರುತು ಎರಡೂ ಸಿಕ್ಕವೆಂದು ಡೀನ್ ಅರ್ನಾಲ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಹೊಂಡದ ಬಳಿಯೇ ಧೂಪ ಉರಿಸಿ, ಆ ಕಾವಿನಲ್ಲೇ ನೀಲಿ ಮಾಡುತ್ತಿದ್ದಿರಬೇಕೆಂದು ಅವರ ತರ್ಕ. ನನಗೆ ಇದು ತುಂಬ ಒಪ್ಪಿಗೆಯಾಗುತ್ತದೆ. ಪೂಜೆಯೂ ಪ್ರಯೋಗವೂ ಒಂದೇ ಬಟ್ಟಲಿನಲ್ಲಿ ನಡೆದಿರಬಹುದು.

ಕೊನೆಗೆ ಚಿಯಾಪಾಸ್ ಕಾಡಿನ ಬೊನಾಂಪಾಕ್. ಕೊನೆಯ ಹಾದಿಯಲ್ಲಿ ಲಕಾಂದೋನ್ ಜನರ ವ್ಯಾನು ಹತ್ತಬೇಕು. ಮೆಟ್ಟಿಲು ಏರಿದರೆ ಮೂರು ಕೋಣೆಗಳ ಸಣ್ಣ ಕಟ್ಟಡ. ಗೋಡೆ ಚಾವಣಿಗಳೆಲ್ಲ ಸುಮಾರು ಕ್ರಿ.ಶ. 790ರ ಚಿತ್ರಗಳು. ಮೊದಲ ಕೋಣೆಯಲ್ಲಿ ಕಹಳೆ, ಗಿಲಕಿ, ಆಮೆಯ ಚಿಪ್ಪು ಹಿಡಿದ ವಾದ್ಯದವರ ಮೆರವಣಿಗೆ. ಅವರ ಬೆನ್ನ ಹಿಂದೆ ಉದ್ದಕ್ಕೂ ಆ ನೀಲಿ. ಕಾಡಿನ ತೇವ, ಗೋಡೆಯ ಮೇಲೆ ಕಟ್ಟಿದ ಸುಣ್ಣದ ಪೊರೆ, 1940ರ ದಶಕದಲ್ಲಿ ಚಿತ್ರ ಸ್ಪಷ್ಟವಾಗಲೆಂದು ಬಳಿದ ಸೀಮೆಎಣ್ಣೆ, ಎಲ್ಲವನ್ನೂ ದಾಟಿ ಬಂದಿದೆ. ಸೌರಕೋಶಗಳಿಗಾಗಿ ಇಂದು ಮಾಡುವ ಪೆರೋವ್‌ಸ್ಕೈಟ್ ಎಂಬುದೂ ಇಂಥದೇ ಒಂದು ಹೈಬ್ರಿಡ್ ವಸ್ತು. ಅದು 2009ರಲ್ಲಿ ಶೇ 3.8 ದಕ್ಷತೆಯಿಂದ ಶುರುವಾಗಿ ಈಗ ಶೇ 25ನ್ನು ದಾಟಿದೆ. ಆದರೆ ಅದರ ದೊಡ್ಡ ಶತ್ರು ಇದೇ ತೇವ. ಅದನ್ನು ವರ್ಷಗಟ್ಟಲೆ ಬಾಳಿಸಲು ಎಷ್ಟೋ ಪ್ರಯೋಗಶಾಲೆಗಳು ಹೆಣಗುತ್ತಿವೆ.

ಗೋಡೆಗೆ ಇನ್ನಷ್ಟು ಹತ್ತಿರ ಹೋದಾಗ ನೀಲಿ ಒಂದೇ ಅಲ್ಲವೆಂದು ಕಂಡಿತು. ಒಂದು ಕಡೆ ಆಕಾಶದ್ದು, ಪಕ್ಕದಲ್ಲೇ ಹಸಿರಿಗೆ ವಾಲಿದ್ದು. ಸ್ಪೇನಿನ ಡೊಮೆನೆಕ್ ತಂಡ ಇದಕ್ಕೊಂದು ಕಾರಣ ಹೇಳಿದೆ: ಕಾವು ಹೆಚ್ಚಿದಂತೆ ಇಂಡಿಗೊದ ಒಂದು ಪಾಲು ಡಿಹೈಡ್ರೊಇಂಡಿಗೊ ಆಗಿ ಮಾರ್ಪಟ್ಟು, ಬಣ್ಣ ಹಸಿರಿನ ಕಡೆಗೆ ಸರಿಯುತ್ತದೆ. ಹಾಗಾದರೆ ಬಣ್ಣ ಮಾಡಿದವನಿಗೆ ಉರಿಯ ಹದ ಚೆನ್ನಾಗಿ ತಿಳಿದಿತ್ತು. ಯಾವ ಛಾಯೆ ಬೇಕೋ ಅಷ್ಟೇ ಕಾಸಿ ಇಳಿಸುತ್ತಿದ್ದ.